ದ್ರಾಕ್ಷಿ ಪಡದ ಪುಟ್ಟ ಗಣಕಯಂತ್ರ ತಡವಾಗಿ ಚಾಲೂ ಆಗುವುದು: ಕಾರಣಗಳು ಮತ್ತು ಪರಿಹಾರ

ವಿಜಯಪುರ ಜಿಲ್ಲೆಯ ತಿಕೋಟಾ ಮತ್ತು ಬಬಲೇಶ್ವರ ಭಾಗ ದ್ರಾಕ್ಷಿ ಹಾಗೂ ಒಣದ್ರಾಕ್ಷಿಗೆ ಹೆಸರಾದುದು. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಕೃಷ್ಣೆಯ ನೀರು ಈ ಭಾಗದ ಕೆರೆಗಳಿಗೆ ಬಂದ ಮೇಲೂ ಇಲ್ಲಿ ನೀರಿನ ಬೆಲೆ ತಗ್ಗಿಲ್ಲ. ಹೊನವಾಡದಂಥ ಊರುಗಳ ಸುತ್ತಮುತ್ತ ಪಡಕ್ಕೆ ನೀರುಣಿಸುವುದೆಂದರೆ ಹನಿ ನೀರಾವರಿಯೇ. ವಿದ್ಯುತ್ತು ಪಾಳಿಯ ಮೇಲೆ ಬರುವುದರಿಂದ, ಅಪರಾತ್ರಿಯಲ್ಲಿ ಎದ್ದು ವಾಲ್ವು ತಿರುಗಿಸುವ ಕಷ್ಟ ತಪ್ಪಲೆಂದು ಕೆಲವು ರೈತರು ಸ್ವಯಂಚಾಲಿತ ನಿಯಂತ್ರಣ ಪೆಟ್ಟಿಗೆಗಳನ್ನು ಕೂಡಿಸಿಕೊಳ್ಳುತ್ತಾರೆ. ಇಂಥ ಪೆಟ್ಟಿಗೆಗಳಲ್ಲಿ ಹಲವಕ್ಕೆ ಅಂಗೈಯಗಲದ ಗಣಕಯಂತ್ರವೇ ಮಿದುಳು.

ಈ ಪೆಟ್ಟಿಗೆಗಳ ಬಗ್ಗೆ ಕೇಳಿಬರುವ ಸಾಮಾನ್ಯ ದೂರು ಒಂದಿದೆ. ಕರೆಂಟು ಬಂದ ಕೂಡಲೇ ಮೋಟಾರು ಚಾಲೂ ಆಗುತ್ತದೆ, ಆದರೆ ಗಣಕ ಎಚ್ಚತ್ತು ವಾಲ್ವು ತೆರೆಯಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಬಹಳ ಮಂದಿ ಇದನ್ನು ಯಂತ್ರದ ದೋಷವೆಂದು ತಿಳಿದು ಹೊಸದನ್ನು ಕೊಳ್ಳುವ ವಿಚಾರ ಮಾಡುತ್ತಾರೆ. ಹಾಗೆ ಖರ್ಚು ಮಾಡುವ ಮೊದಲು ಒಂದು ಅಂಶವನ್ನು ತಿಳಿಯುವುದು ಒಳ್ಳೆಯದು. ತಡವಾಗುವುದು ರೋಗದ ಲಕ್ಷಣ ಮಾತ್ರ, ರೋಗವಲ್ಲ. ಅನೇಕ ಸಲ ಗಣಕ ನಿಧಾನವಾಗಿ ಕೆಲಸ ಮಾಡುತ್ತಿರುವುದಿಲ್ಲ. ಏನನ್ನೋ ಕಾಯುತ್ತ ಸುಮ್ಮನೆ ಕುಳಿತಿರುತ್ತದೆ. ಅದು ಯಾವುದನ್ನು ಕಾಯುತ್ತಿದೆಯೆಂದು ಕಂಡುಹಿಡಿದರೆ ಅರ್ಧ ಕೆಲಸ ಮುಗಿದಂತೆ.

1. ಪುಟ್ಟ ಗಣಕಯಂತ್ರದ ಪರಿಚಯ

ಒಂದೇ ಹಲಗೆಯ ಮೇಲೆ ಸಂಸ್ಕಾರಕ, ನೆನಪಿನ ಚಿಪ್ಪು, ತಂತಿ ಜೋಡಿಸುವ ಪಿನ್ನುಗಳು ಎಲ್ಲವೂ ಇರುವ ಈ ಯಂತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ರಾಸ್ಪ್‌ಬೆರಿ ಪೈ. ಇದು 2012ರಲ್ಲಿ ಇಂಗ್ಲೆಂಡಿನಲ್ಲಿ ಶಾಲಾ ಮಕ್ಕಳ ಕಲಿಕೆಗೆಂದು ಹೊರಬಂದಿತು. ಇದನ್ನು ನಡೆಸುವ ಮೂಲ ವ್ಯವಸ್ಥೆ ಲಿನಕ್ಸ್. ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ವ್ಯವಸ್ಥೆಯಾಗಿದೆ. ಈ ಗಣಕದಲ್ಲಿ ಸಾಮಾನ್ಯವಾಗಿ ಹಾರ್ಡ್ ಡಿಸ್ಕ್ ಇರುವುದಿಲ್ಲ. ಮೊಬೈಲಿನಲ್ಲಿ ಹಾಕುವಂಥ ಮೆಮರಿ ಕಾರ್ಡಿನಲ್ಲಿಯೇ ಲಿನಕ್ಸ್, ನೀರು ಬಿಡುವ ಪ್ರೋಗ್ರಾಮು ಮತ್ತು ಹವಾಮಾನದ ದಾಖಲೆ ಎಲ್ಲವೂ ಇರುತ್ತವೆ.

2. ತಡವಾದರೆ ಆಗುವ ಹಾನಿ

(ಅ) ಪೈಪಿನ ಮೇಲೆ ಒತ್ತಡ: ಹನಿ ನೀರಾವರಿಯ ವಿದ್ಯುತ್ ವಾಲ್ವುಗಳು ಸಾಮಾನ್ಯವಾಗಿ ಕರೆಂಟು ಇಲ್ಲದಾಗ ಮುಚ್ಚಿಕೊಂಡಿರುತ್ತವೆ. ಆಟೊ ಸ್ಟಾರ್ಟರ್ ಇದ್ದಲ್ಲಿ ವಿದ್ಯುತ್ತು ಬಂದ ಕೆಲವೇ ಸೆಕೆಂಡುಗಳಲ್ಲಿ ಮೋಟಾರು ನೀರು ತಳ್ಳತೊಡಗುತ್ತದೆ. ಗಣಕ ಇನ್ನೂ ಎದ್ದಿರುವುದಿಲ್ಲ, ವಾಲ್ವುಗಳೆಲ್ಲ ಮುಚ್ಚಿರುತ್ತವೆ. ನೀರು ಹರಿಯದೆ ನಿಂತಾಗ ಪಂಪಿನ ಒತ್ತಡ ಮಾಮೂಲಿಗಿಂತ ಹೆಚ್ಚಾಗಿ ಮುಖ್ಯ ಪೈಪಿನ ಜೋಡಣೆ ಬಿಡುವ, ಫಿಲ್ಟರಿನ ಮುಚ್ಚಳ ಸೋರುವ ಸಂಭವವಿದೆ. ಸಬ್‌ಮರ್ಸಿಬಲ್ ಮೋಟಾರಿಗೂ ನೀರಿನ ಹರಿವಿನ ತಂಪು ಸಿಗುವುದಿಲ್ಲ.

(ಆ) ನೀರಿನ ಪಾಳಿ ನಷ್ಟ: ಒಮ್ಮೆ ಚಾಲೂ ಆಗಲು 160 ಸೆಕೆಂಡು ಬೇಕಾದರೆ, ಒಂದು ಪಾಳಿಯಲ್ಲಿ ಆರು ಸಲ ಕರೆಂಟು ಹೋಗಿ ಬಂದಾಗ 16 ನಿಮಿಷ ವ್ಯರ್ಥವಾಗುತ್ತದೆ. ಪ್ರೋಗ್ರಾಮು ಪ್ರತಿ ಸಲವೂ ಮೊದಲನೆಯ ಪ್ಲಾಟಿನಿಂದಲೇ ಆರಂಭಿಸುವಂತಿದ್ದರೆ ಕೊನೆಯ ಪ್ಲಾಟು ಒಣಗಿಯೇ ಉಳಿಯುತ್ತದೆ.

(ಇ) ದಾಖಲೆಯಲ್ಲಿ ದೋಷ: ಅಕ್ಟೋಬರ್ ಚಾಟ್ನಿಯ ನಂತರ ಬೂಜು ತುಪ್ಪಟ ರೋಗದ (ದಾವಣಿ) ಹತೋಟಿಗೆ ಎಲೆ ಎಷ್ಟು ಹೊತ್ತು ತೇವವಾಗಿತ್ತು ಎಂಬ ಲೆಕ್ಕ ಮುಖ್ಯ. ಗಣಕ ಎಚ್ಚರವಿಲ್ಲದ ಹೊತ್ತಿನ ಲೆಕ್ಕ ದಾಖಲೆಯಲ್ಲಿ ಬರುವುದಿಲ್ಲ. ಎಚ್ಚತ್ತ ಮೇಲೆ ಅದರ ಗಡಿಯಾರ ತಪ್ಪಿದ್ದರೆ, ಬರೆದ ಲೆಕ್ಕವೂ ಬೇರೆ ಹೊತ್ತಿನದಾಗಿ ಔಷಧಿ ಸಿಂಪರಣೆಯ ನಿರ್ಧಾರ ದಾರಿ ತಪ್ಪುತ್ತದೆ.

3. ಚಾಲನೆಯ ಹಂತಗಳು

ಕರೆಂಟು ಬಂದದ್ದರಿಂದ ಹಿಡಿದು ವಾಲ್ವು ತೆರೆಯುವವರೆಗೆ ನಾಲ್ಕು ಹಂತಗಳಿವೆ.

ಮೊದಲನೆಯದು ಫರ್ಮ್‌ವೇರ್. ಹಲಗೆಯೊಳಗಿನ ಚಿಕ್ಕ ಪ್ರೋಗ್ರಾಮು ಮೆಮರಿ ಕಾರ್ಡನ್ನು ಹುಡುಕಿ ಲಿನಕ್ಸನ್ನು ಎತ್ತಿಕೊಡುತ್ತದೆ. ಎರಡನೆಯದು ಕರ್ನೆಲ್, ಅಂದರೆ ಲಿನಕ್ಸಿನ ತಿರುಳು. ಇದು ಯಂತ್ರದ ಭಾಗಗಳನ್ನು ಗುರುತಿಸುತ್ತದೆ. ಮೂರನೆಯದು ಸೇವೆಗಳು. ಸಿಸ್ಟಮ್‌ಡಿ ಎಂಬ ಮೇಲ್ವಿಚಾರಕ ಕಡತ ವ್ಯವಸ್ಥೆ, ನೆಟ್‌ವರ್ಕ್, ಗಡಿಯಾರ ಮೊದಲಾದ ಹತ್ತಾರು ಸೇವೆಗಳನ್ನು ಎಬ್ಬಿಸುತ್ತದೆ. ನಾಲ್ಕನೆಯದು ನೀರು ಬಿಡುವ ಪ್ರೋಗ್ರಾಮು.

ಮೂರನೆಯ ಹಂತದಲ್ಲಿ ಸೇವೆಗಳು ಒಂದರ ಹಿಂದೆ ಒಂದು ಸಾಲಾಗಿ ಏಳುವುದಿಲ್ಲ. ಅಡ್ಡಿ ಇಲ್ಲದವು ಒಟ್ಟಿಗೇ ಏಳುತ್ತವೆ. ಆದರೆ ‘ಇದು ಮುಗಿದ ಮೇಲೆ ಅದು’ ಎಂದು ಬರೆದಿಟ್ಟಿದ್ದರೆ ಎರಡನೆಯದು ಕಾಯಲೇಬೇಕು. ಬಿತ್ತನೆಗೆ ಮೊದಲು ಹರಗುವುದು ಅಗತ್ಯ. ಆದರೆ ಹರಗುವುದಕ್ಕೆ ಮೊದಲು ಪೇಟೆಯಿಂದ ಚೀಲ ಬರಲಿ ಎಂದು ಕಾದರೆ ಹದ ತಪ್ಪುತ್ತದೆ. ಗಣಕದಲ್ಲಿ ಆಗುವ ತಡವೂ ಬಹುಪಾಲು ಇಂಥ ಬೇಡದ ಕಾಯುವಿಕೆಯಿಂದಲೇ.

4. ಮೊದಲು ಅಳೆಯಬೇಕು

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದು ಎಂಬ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಯಾವುದನ್ನೂ ಬದಲಾಯಿಸುವ ಮೊದಲು ಮೆಮರಿ ಕಾರ್ಡಿನ ಪೂರ್ಣ ಪ್ರತಿಯೊಂದನ್ನು ಬೇರೆ ಕಾರ್ಡಿನಲ್ಲಿ ಮಾಡಿಟ್ಟುಕೊಳ್ಳಬೇಕು. ಆಮೇಲೆ ಕೆಳಗಿನಂತೆ ಅಳತೆ ಮಾಡಬೇಕು. ಆಜ್ಞೆಗಳ ಉಚ್ಚಾರಣೆಯನ್ನು ಇಲ್ಲಿ ಕೊಟ್ಟಿದೆ. ಟೈಪು ಮಾಡುವಾಗ ಇಂಗ್ಲಿಷಿನ ಚಿಕ್ಕ ಅಕ್ಷರಗಳನ್ನೇ ಬಳಸಬೇಕು.

(ಅ) ಕೈಗಡಿಯಾರದ ಅಳತೆ: ಸ್ವಿಚ್ಚು ಹಾಕಿದ ಕ್ಷಣದಿಂದ ಮೊದಲ ವಾಲ್ವು ತೆರೆಯುವವರೆಗಿನ ಸೆಕೆಂಡುಗಳನ್ನು ಮೂರು ಸಲ ಎಣಿಸಿ ಸರಾಸರಿ ಬರೆದಿಡಬೇಕು. ರೈತನಿಗೆ ಬೇಕಾದ ನಿಜವಾದ ಅಂಕಿ ಇದೇ.

(ಆ) ‘ಸಿಸ್ಟಮ್‌ಡಿ-ಅನಲೈಜ್’: ಈ ಆಜ್ಞೆ ಕರ್ನೆಲ್ ಎಷ್ಟು ಸೆಕೆಂಡು, ಸೇವೆಗಳು ಎಷ್ಟು ಸೆಕೆಂಡು ತೆಗೆದುಕೊಂಡವೆಂದು ತೋರಿಸುತ್ತದೆ. ಈ ಪುಟ್ಟ ಗಣಕಗಳಲ್ಲಿ ಫರ್ಮ್‌ವೇರಿನ ಕಾಲ ಸಾಮಾನ್ಯವಾಗಿ ಇದರಲ್ಲಿ ಸೇರಿರುವುದಿಲ್ಲ. ಆದ್ದರಿಂದಲೇ ಕೈಗಡಿಯಾರದ ಅಳತೆಯೂ ಬೇಕು. ಚಾಲನೆ ಇನ್ನೂ ಮುಗಿದಿಲ್ಲವೆಂಬ ಉತ್ತರ ಬಂದರೆ ಯಾವುದೋ ಸೇವೆ ಇನ್ನೂ ಕಾಯುತ್ತಿದೆಯೆಂದು ಅರ್ಥ. ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಜಾಬ್ಸ್’ ಆಜ್ಞೆಯಿಂದ ಅದರ ಹೆಸರು ಸಿಗುತ್ತದೆ.

(ಇ) ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’: ಹೆಚ್ಚು ಹೊತ್ತು ತೆಗೆದುಕೊಂಡ ಸೇವೆಗಳನ್ನು ಇದು ಮೇಲಿನಿಂದ ಕೆಳಕ್ಕೆ ಪಟ್ಟಿ ಮಾಡುತ್ತದೆ. ಹಲವು ಸೇವೆಗಳು ಒಟ್ಟಿಗೇ ಏಳುವುದರಿಂದ ಈ ಅಂಕಿಗಳನ್ನು ಕೂಡಿಸಬಾರದು. ಪಟ್ಟಿಯ ಮೊದಲಿನ ಹೆಸರೇ ಅಪರಾಧಿಯೆಂದೂ ತಿಳಿಯಬಾರದು.

(ಈ) ‘ಸಿಸ್ಟಮ್‌ಡಿ-ಅನಲೈಜ್ ಕ್ರಿಟಿಕಲ್-ಚೈನ್’: ಇದರ ಮುಂದೆ ನೀರು ಬಿಡುವ ಸೇವೆಯ ಹೆಸರನ್ನು ಬರೆದರೆ, ಆ ಸೇವೆ ಯಾವುದಕ್ಕಾಗಿ ಕಾಯಿತು, ಅದು ಇನ್ನಾವುದಕ್ಕಾಗಿ ಕಾಯಿತು ಎಂಬ ಸರಪಳಿ ಕಾಣುತ್ತದೆ. ರೋಗದ ಬೇರು ಸಿಗುವುದು ಇಲ್ಲಿಯೇ.

5. ಕಾರಣಗಳು ಮತ್ತು ಪರಿಹಾರ

(ಅ) ನೆಟ್‌ವರ್ಕಿಗಾಗಿ ಕಾಯುವುದು

ಲಕ್ಷಣ: ಬ್ಲೇಮ್ ಪಟ್ಟಿಯಲ್ಲಿ ‘ವೇಟ್-ಆನ್‌ಲೈನ್’ ಎಂಬ ಪದವುಳ್ಳ ಸೇವೆ ಮೇಲೆ ಇರುತ್ತದೆ.

ಪಂಪು ಮನೆಯಲ್ಲಿ ಗಣಕ ಮತ್ತು ಇಂಟರ್‌ನೆಟ್ ರೂಟರ್ ಎರಡಕ್ಕೂ ಒಂದೇ ಕ್ಷಣದಲ್ಲಿ ಕರೆಂಟು ಬರುತ್ತದೆ. ರೂಟರ್ ತಾನೇ ಚಾಲೂ ಆಗಿ ಟವರಿನ ಸಂಕೇತ ಹಿಡಿಯಲು ಒಂದು ನಿಮಿಷಕ್ಕೂ ಹೆಚ್ಚು ಬೇಕಾಗಬಹುದು. ಅಲ್ಲಿಯವರೆಗೆ ಗಣಕ ಕಾಯುತ್ತದೆ. ನೆಟ್‌ವರ್ಕ್ ಮ್ಯಾನೇಜರ್ ಇರುವ ವ್ಯವಸ್ಥೆಯಲ್ಲಿ ಈ ಕಾಯುವಿಕೆಯ ಮಿತಿ ಸಾಮಾನ್ಯವಾಗಿ 60 ಸೆಕೆಂಡು. ಸಂಕೇತ ಸಿಗದ ದಿನ ಪೂರ್ತಿ 60 ಸೆಕೆಂಡು ಕಳೆದ ಮೇಲೆಯೇ ಮುಂದಿನ ಕೆಲಸ.

ಪರಿಹಾರ: ವಾಲ್ವು ತೆರೆಯಲು ಇಂಟರ್‌ನೆಟ್ಟಿನ ಅಗತ್ಯವಿಲ್ಲ. ಒಂದೇ ಪ್ರೋಗ್ರಾಮು ನೀರನ್ನೂ ಬಿಟ್ಟು ಮೊಬೈಲಿಗೆ ವರದಿಯನ್ನೂ ಕಳಿಸುವಂತಿದ್ದರೆ ಅದನ್ನು ಎರಡಾಗಿ ಒಡೆಯಬೇಕು. ನೀರು ಬಿಡುವ ಸೇವೆಯ ಕಡತದಿಂದ ‘ನೆಟ್‌ವರ್ಕ್-ಆನ್‌ಲೈನ್’ ಎಂಬ ಷರತ್ತನ್ನು ತೆಗೆದು, ವರದಿ ಕಳಿಸುವ ಸೇವೆಗೆ ಮಾತ್ರ ಅದನ್ನು ಉಳಿಸಬೇಕು. ನೀರು ಮೊದಲು ಹರಿಯಲಿ, ಸುದ್ದಿ ಆಮೇಲೆ ಹೋದರೂ ನಡೆದೀತು.

(ಆ) ಕೈಯಾರೆ ಇಟ್ಟ ‘ಸ್ಲೀಪ್’

ಲಕ್ಷಣ: ಆಜ್ಞೆಗಳು ತೋರಿಸುವ ಕಾಲ ಕಡಿಮೆ, ಕೈಗಡಿಯಾರ ತೋರಿಸುವ ಕಾಲ ಹೆಚ್ಚು.

ಪ್ರೋಗ್ರಾಮು ಬರೆದವರು ‘ಸ್ಲೀಪ್ 60’ ಎಂಬ ಸಾಲನ್ನು ಆರಂಭದಲ್ಲಿ ಸೇರಿಸಿರುವುದು ಉಂಟು. 60 ಸೆಕೆಂಡು ಸುಮ್ಮನಿರು ಎಂಬುದು ಇದರ ಅರ್ಥ. ಪ್ರೋಗ್ರಾಮಿನೊಳಗೆ ಇರುವ ಈ ನಿದ್ದೆ ಬ್ಲೇಮ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಇದನ್ನು ಸುಮ್ಮನೆ ಹಾಕಿರುವುದಿಲ್ಲ. ರಾಸ್ಪ್‌ಬೆರಿ ಪೈ 4 ಮತ್ತು ಅದಕ್ಕಿಂತ ಹಳೆಯ ಹಲಗೆಗಳಲ್ಲಿ ಕರೆಂಟು ಹೋದಾಗಲೂ ನಡೆಯುವ ಗಡಿಯಾರವಿಲ್ಲ. ನಾಲ್ಕು ಗಂಟೆ ಕರೆಂಟು ಹೋಗಿ ಬಂದರೆ ಅದರ ಸಮಯ ನಾಲ್ಕು ಗಂಟೆ ಹಿಂದೆ ಉಳಿದಿರುತ್ತದೆ. ಇಂಟರ್‌ನೆಟ್ಟಿನಿಂದ ಸರಿಯಾದ ಸಮಯ ಬರಲೆಂದೇ ಈ ಕಾಯುವಿಕೆ.

ಪರಿಹಾರ: ಡಿಎಸ್ 3231 ಎಂಬ ಚಿಕ್ಕ ಗಡಿಯಾರದ ಘಟಕವನ್ನು ನಾಣ್ಯದಾಕಾರದ ಸೆಲ್ಲಿನೊಂದಿಗೆ ಪಿನ್ನುಗಳಿಗೆ ಜೋಡಿಸಬೇಕು. ರಾಸ್ಪ್‌ಬೆರಿ ಪೈ 5ರಲ್ಲಿ ಗಡಿಯಾರ ಹಲಗೆಯಲ್ಲಿಯೇ ಇದೆ, ಅದಕ್ಕೆ ಬ್ಯಾಟರಿ ಮಾತ್ರ ಜೋಡಿಸಬೇಕು. ಗಡಿಯಾರ ಸರಿಯಿದೆಯೆಂದು ಖಚಿತವಾದ ಮೇಲೆ ‘ಸ್ಲೀಪ್’ ಸಾಲನ್ನು ತೆಗೆಯಬೇಕು. ಈ ಕ್ರಮವನ್ನು ಹಿಂದು ಮುಂದು ಮಾಡಿದರೆ ಚಾಲನೆ ಬೇಗನಾದರೂ ನೀರು ತಪ್ಪು ಹೊತ್ತಿನಲ್ಲಿ ಹರಿಯುತ್ತದೆ.

(ಇ) ಇಲ್ಲದ ಪೆನ್ ಡ್ರೈವಿಗಾಗಿ ಕಾಯುವುದು

ಲಕ್ಷಣ: ಪರದೆ ಜೋಡಿಸಿ ನೋಡಿದಾಗ 1 ನಿಮಿಷ 30 ಸೆಕೆಂಡಿನ ಎಣಿಕೆ ನಡೆಯುತ್ತಿರುತ್ತದೆ.

ಹವಾಮಾನದ ದಾಖಲೆ ತುಂಬಲು ಹಿಂದೆ ಪೆನ್ ಡ್ರೈವ್ ಜೋಡಿಸಿ, ಅದರ ಹೆಸರನ್ನು ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಬರೆದು, ಆಮೇಲೆ ಯಾರೋ ಅದನ್ನು ಕಿತ್ತುಕೊಂಡು ಹೋಗಿರಬಹುದು. ಗಣಕ 90 ಸೆಕೆಂಡು ಅದರ ದಾರಿ ಕಾಯುತ್ತದೆ. ಅಷ್ಟಕ್ಕೇ ಮುಗಿಯದೆ, ಅದು ಸಿಗದಿದ್ದರೆ ‘ಎಮರ್ಜೆನ್ಸಿ’ ಸ್ಥಿತಿಗೆ ಹೋಗಿ ಅಲ್ಲಿಯೇ ನಿಂತುಬಿಡಬಹುದು. ಆಗ ಆ ಪಾಳಿಯ ನೀರು ಪೂರ್ತಿ ತಪ್ಪುತ್ತದೆ.

ಪರಿಹಾರ: ಆ ಡ್ರೈವ್ ಬೇಡವಾಗಿದ್ದರೆ ಸಾಲನ್ನು ಅಳಿಸಬೇಕು. ಬೇಕಾಗಿದ್ದರೆ ಆ ಸಾಲಿನ ಆಯ್ಕೆಗಳಲ್ಲಿ ‘ನೋಫೇಲ್’ ಎಂಬ ಪದವನ್ನು ಸೇರಿಸಬೇಕು. ಆಗ ಡ್ರೈವ್ ಇದ್ದರೂ ಇಲ್ಲದಿದ್ದರೂ ಚಾಲನೆ ಮುಂದುವರಿಯುತ್ತದೆ.

(ಈ) ದಣಿದ ಅಥವಾ ಕಳಪೆ ಮೆಮರಿ ಕಾರ್ಡು

ಲಕ್ಷಣ: ಒಂದೆರಡು ಸೇವೆಗಳಷ್ಟೇ ಅಲ್ಲ, ಎಲ್ಲವೂ ನಿಧಾನ. ದಿನದಿಂದ ದಿನಕ್ಕೆ ಹೆಚ್ಚುತ್ತ ಹೋಗುತ್ತದೆ.

ಮೆಮರಿ ಕಾರ್ಡಿಗೆ ಬರೆಯುವ ಆಯುಷ್ಯ ಮಿತವಾದುದು. ಕ್ಷಣಕ್ಷಣಕ್ಕೂ ದಾಖಲೆ ಬರೆಯುತ್ತಿದ್ದರೆ, ಬರೆಯುತ್ತಿರುವಾಗಲೇ ಕರೆಂಟು ಹೋಗುತ್ತಿದ್ದರೆ ಕಾರ್ಡು ಬೇಗ ಕೆಡುತ್ತದೆ. ‘ಡಿಮೆಸ್ಗ್’ ಆಜ್ಞೆ ಕೊಟ್ಟಾಗ ‘ಎಂಎಂಸಿ’ ಎಂಬ ಹೆಸರಿನೊಂದಿಗೆ ‘ಎರರ್’ ಎಂಬ ಪದ ಮತ್ತೆ ಮತ್ತೆ ಕಂಡರೆ ಕಾರ್ಡು ಅಥವಾ ಅದರ ಸಂಪರ್ಕ ಕೆಟ್ಟಿದೆಯೆಂದು ತಿಳಿಯಬೇಕು.

ಪರಿಹಾರ: ಕಾರ್ಡು ಕೊಳ್ಳುವಾಗ ‘ಕ್ಲಾಸ್ 10’ ಎಂಬ ಗುರುತು ಒಂದೇ ಸಾಲದು. ಅದು ದೊಡ್ಡ ಕಡತವನ್ನು ಒಂದೇ ಸಮನೆ ಬರೆಯುವ ವೇಗ, ಸೆಕೆಂಡಿಗೆ 10 ಮೆಗಾಬೈಟು. ಗಣಕ ಚಾಲೂ ಆಗುವಾಗ ಚಿಕ್ಕ ಚಿಕ್ಕ ಕಡತಗಳನ್ನು ಅಲ್ಲಲ್ಲಿ ಓದುತ್ತದೆ. ಇದಕ್ಕೆ ‘ಎ1’ ಗುರುತಿನ ಕಾರ್ಡು ಸೂಕ್ತ; ಸೆಕೆಂಡಿಗೆ ಕನಿಷ್ಠ 1500 ಬಾರಿ ಅಲ್ಲಲ್ಲಿ ಓದುವ, 500 ಬಾರಿ ಬರೆಯುವ ಸಾಮರ್ಥ್ಯ ಇದಕ್ಕಿರಬೇಕೆಂಬ ನಿಯಮವಿದೆ. ನಂಬಿಕಸ್ಥ ಅಂಗಡಿಯಿಂದ ರಶೀದಿ ಪಡೆದೇ ಕೊಳ್ಳಬೇಕು. ತೇವ, ಉಷ್ಣತೆಯ ದಾಖಲೆಯನ್ನು ಸೆಕೆಂಡಿಗೊಮ್ಮೆ ಬರೆಯುವ ಬದಲು 10 ನಿಮಿಷಕ್ಕೊಮ್ಮೆ ಬರೆದರೆ ಬೇಸಾಯದ ಕೆಲಸಕ್ಕೆ ಸಾಕಾಗುತ್ತದೆ.

(ಉ) ಸಾಲದ ವೋಲ್ಟೇಜು

ಲಕ್ಷಣ: ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣುತ್ತದೆ, ಗಣಕ ಒಮ್ಮೊಮ್ಮೆ ಅರ್ಧಕ್ಕೇ ನಿಂತು ಮೊದಲಿನಿಂದ ಚಾಲೂ ಆಗುತ್ತದೆ.

ರಾಸ್ಪ್‌ಬೆರಿ ಪೈ 4ಕ್ಕೆ 5.1 ವೋಲ್ಟಿನಲ್ಲಿ 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಹಳೆಯ ಮೊಬೈಲ್ ಚಾರ್ಜರ್ ಮತ್ತು ಉದ್ದನೆಯ ತೆಳು ತಂತಿ ಬಳಸಿದರೆ ತಂತಿಯಲ್ಲಿಯೇ ವೋಲ್ಟೇಜು ಸೋರುತ್ತದೆ. ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಗಣಕ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ‘ವಿಸಿಜೆನ್‌ಕಮಾಂಡ್ ಗೆಟ್‌_ಥ್ರಾಟಲ್ಡ್’ ಎಂಬ ಆಜ್ಞೆಗೆ ‘0ಎಕ್ಸ್0’ ಎಂಬ ಉತ್ತರ ಬಂದರೆ ಸರಿಯಿದೆ. ‘0ಎಕ್ಸ್50000’ ಬಂದರೆ ಚಾಲೂ ಆದಂದಿನಿಂದ ಈಚೆಗೆ ವೋಲ್ಟೇಜು ಇಳಿದಿತ್ತೆಂದು ಅರ್ಥ.

ಪರಿಹಾರ: ಸರಿಯಾದ ಅಡಾಪ್ಟರ್, ದಪ್ಪನೆಯ ಗಿಡ್ಡ ತಂತಿ. ಇದು ಅತಿ ಸುಲಭದ ಪರಿಹಾರ. ಆದ್ದರಿಂದ ಇದನ್ನೇ ಮೊದಲು ಪರೀಕ್ಷಿಸಬೇಕು. ಜೊತೆಗೆ ಪೆಟ್ಟಿಗೆಯನ್ನು ನೆರಳಿನಲ್ಲಿ, ಗಾಳಿಯಾಡುವಂತೆ ಇಡಬೇಕು. ಈ ಭಾಗದ ಬೇಸಿಗೆಯಲ್ಲಿ ಬಿಸಿಲಿಗೆ ಕಾದ ತಗಡಿನ ಪೆಟ್ಟಿಗೆಯೊಳಗೂ ಗಣಕ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ.

(ಊ) ಬೇಡದ ಸೇವೆಗಳು

ಪರದೆಯೇ ಇಲ್ಲದ ಪೆಟ್ಟಿಗೆಯಲ್ಲಿ ಚಿತ್ರಮಯ ‘ಡೆಸ್ಕ್‌ಟಾಪ್’ ಏಳಬೇಕಾಗಿಲ್ಲ. ‘ರಾಸ್ಪಿ-ಕಾನ್ಫಿಗ್’ ಆಜ್ಞೆಯಲ್ಲಿ ಬರಹದ ಪರದೆ ಮಾತ್ರ ಸಾಕೆಂದು ಆರಿಸಬಹುದು. ಹೊಸದಾಗಿ ಹಾಕುವವರು ‘ಲೈಟ್’ ಎಂಬ ಹಗುರ ಆವೃತ್ತಿಯನ್ನೇ ಹಾಕುವುದು ಮೇಲು. ಮುದ್ರಣ, ಬ್ಲೂಟೂತ್ ಸೇವೆಗಳನ್ನು ಬಳಸದಿದ್ದರೆ ನಿಲ್ಲಿಸಬಹುದು. ಇವುಗಳಿಂದ ಉಳಿಯುವುದು ಕೆಲವೇ ಸೆಕೆಂಡು. ಆದ್ದರಿಂದ ಇವು ಕೊನೆಯ ಕೆಲಸ.

6. ಒಂದು ಮಾದರಿ ಲೆಕ್ಕ

ಒಂದು ಪಡದ ಪೆಟ್ಟಿಗೆಯಲ್ಲಿ ಕರೆಂಟು ಬಂದ ಮೇಲೆ ಮೊದಲ ವಾಲ್ವು ತೆರೆಯಲು 160 ಸೆಕೆಂಡು ಹಿಡಿಯುತ್ತದೆಯೆಂದು ಭಾವಿಸಬಹುದು. ಅಳೆದಾಗ ಅದು ಹೀಗೆ ಹಂಚಿಕೆಯಾಗಿರುತ್ತದೆ:

ಫರ್ಮ್‌ವೇರ್ — 10 ಸೆಕೆಂಡು
ಕರ್ನೆಲ್ — 7 ಸೆಕೆಂಡು
ಅಗತ್ಯ ಮತ್ತು ಅನಗತ್ಯ ಸೇವೆಗಳು — 18 ಸೆಕೆಂಡು
ನೆಟ್‌ವರ್ಕಿನ ಕಾಯುವಿಕೆ — 60 ಸೆಕೆಂಡು
ಪ್ರೋಗ್ರಾಮಿನೊಳಗಿನ ‘ಸ್ಲೀಪ್’ — 60 ಸೆಕೆಂಡು
ಪ್ರೋಗ್ರಾಮು ಆರಂಭ — 5 ಸೆಕೆಂಡು
ಒಟ್ಟು — 160 ಸೆಕೆಂಡು

ಇದರಲ್ಲಿ ಗಣಕ ನಿಜವಾಗಿ ದುಡಿದದ್ದು 40 ಸೆಕೆಂಡು. ಉಳಿದ 120 ಸೆಕೆಂಡು ಬರೀ ಕಾಯುವಿಕೆ. ಎರಡು ಪಟ್ಟು ವೇಗದ ಹೊಸ ಗಣಕ ತಂದರೂ ಈ 120 ಸೆಕೆಂಡಿನಲ್ಲಿ ಒಂದೂ ಕಡಿಮೆಯಾಗದು. ಗಡಿಯಾರದ ಘಟಕ ಕೂಡಿಸಿ, ಎರಡೂ ಕಾಯುವಿಕೆಗಳನ್ನು ತೆಗೆದರೆ ಹಳೆಯ ಗಣಕವೇ 40 ಸೆಕೆಂಡಿನಲ್ಲಿ ಸಿದ್ಧವಾಗುತ್ತದೆ. ಬೇಡದ ಸೇವೆಗಳನ್ನು ನಿಲ್ಲಿಸಿ ಇನ್ನೂ 5-6 ಸೆಕೆಂಡು ಉಳಿಸಬಹುದು.

7. ಮಾಡಬಾರದ ಕೆಲಸಗಳು

ಚಾಟ್ನಿ ಮಾಡುವವನು ಯಾವ ಕಡ್ಡಿ ಕಾಯಿ ಕೊಡುವುದೆಂದು ನೋಡಿಯೇ ಕತ್ತರಿ ಹಾಕುತ್ತಾನೆ. ಇಲ್ಲಿಯೂ ಹೆಸರು ತಿಳಿಯದ ಸೇವೆಯನ್ನು ನಿಲ್ಲಿಸಬಾರದು. ಮುಖ್ಯವಾಗಿ ಕಡತ ವ್ಯವಸ್ಥೆಯ ತಪಾಸಣೆಯನ್ನು ಉಳಿಸಿಕೊಳ್ಳಲೇಬೇಕು. ಪದೇ ಪದೇ ಕರೆಂಟು ಹೋಗುವಲ್ಲಿ ಕಾರ್ಡಿನ ಸಣ್ಣ ಗಾಯಗಳನ್ನು ಮಾಯಿಸುವುದು ಅದೇ. ಗಡಿಯಾರ ಹೊಂದಿಸುವ ಸೇವೆ ಮತ್ತು ದೂರದಿಂದ ಒಳಹೋಗುವ ‘ಎಸ್‌ಎಸ್‌ಎಚ್’ ಸೇವೆಯನ್ನೂ ನಿಲ್ಲಿಸಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆದು, ನೋಟುಬುಕ್ಕಿನಲ್ಲಿ ಬರೆದಿಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ.

8. ಮೋಟಾರಿನ ಕಡೆಯ ಎಚ್ಚರಿಕೆ

ಎಷ್ಟೇ ಸುಧಾರಿಸಿದರೂ ಲಿನಕ್ಸ್ ಗಣಕಕ್ಕೆ ಅರ್ಧ ನಿಮಿಷವಾದರೂ ಬೇಕಾದೀತು. ಆದ್ದರಿಂದ ಆಟೊ ಸ್ಟಾರ್ಟರಿಗೆ ತಡ ಮಾಡುವ ಟೈಮರ್ ಕೂಡಿಸಿ, ಗಣಕದ ಚಾಲನೆಗೆ ಬೇಕಾದ ಕಾಲಕ್ಕಿಂತ 30 ಸೆಕೆಂಡು ಹೆಚ್ಚಿಗೆ ಇಡಬೇಕು. ಮೇಲಿನ ಲೆಕ್ಕದಲ್ಲಿ 40 ಸೆಕೆಂಡಿನ ಗಣಕಕ್ಕೆ 70 ಸೆಕೆಂಡಿನ ಟೈಮರ್ ಸಾಕು. ಗಣಕ ಏಳದೇ ಇದ್ದ ದಿನಕ್ಕಾಗಿ ಮುಖ್ಯ ಪೈಪಿಗೆ ಒತ್ತಡ ಬಿಡುಗಡೆ ವಾಲ್ವು ಇರಲೇಬೇಕು. ಸ್ಟಾರ್ಟರಿನ ಕೆಲಸವನ್ನು ಬಲ್ಲ ಇಲೆಕ್ಟ್ರಿಶಿಯನ್ನನಿಂದಲೇ ಮಾಡಿಸಬೇಕು.

ಇನ್ನೂ ಉತ್ತಮ ಉಪಾಯವೆಂದರೆ ಗಣಕ ಆರದಂತೆ ನೋಡಿಕೊಳ್ಳುವುದು. 12 ವೋಲ್ಟಿನ 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಬ್ಯಾಟರಿಯ ಬಾಳಿಕೆಗಾಗಿ ಅರ್ಧ ಮಾತ್ರ ಬಳಸಿ, 5 ವೋಲ್ಟಿಗೆ ಇಳಿಸುವಾಗಿನ ನಷ್ಟ ಕಳೆದರೆ ಸುಮಾರು 35 ವ್ಯಾಟ್-ಗಂಟೆ ಉಳಿಯುತ್ತದೆ. 5 ವ್ಯಾಟ್ ಬಳಸುವ ಗಣಕವನ್ನು ಇದು 7 ಗಂಟೆ ನಡೆಸಬಲ್ಲದು. ಆಗ ನಡುನಡುವೆ ಕರೆಂಟು ಹೋದರೂ ಗಣಕ ಮತ್ತೆ ಚಾಲೂ ಆಗುವ ಪ್ರಶ್ನೆಯೇ ಬರುವುದಿಲ್ಲ, ಕಾರ್ಡೂ ಕೆಡುವುದಿಲ್ಲ, ಎಲೆ ತೇವದ ದಾಖಲೆಯೂ ತುಂಡಾಗುವುದಿಲ್ಲ.

ನೆನಪಿಡಬೇಕಾದ ಅಂಶಗಳು

- ಕೆಲಸಕ್ಕೆ ಕೈಹಾಕುವ ಮೊದಲು ಕಾರ್ಡಿನ ಪ್ರತಿ ಮಾಡಿಡಬೇಕು.
- ಮೊದಲು ಅಡಾಪ್ಟರ್ ಮತ್ತು ತಂತಿ, ಆಮೇಲೆ ಕಾಯುವಿಕೆಗಳು, ಆಮೇಲೆ ಕಾರ್ಡು, ಕೊನೆಗೆ ಬೇಡದ ಸೇವೆಗಳು — ಈ ಕ್ರಮದಲ್ಲಿ ಪರೀಕ್ಷಿಸಬೇಕು.
- ವಾಲ್ವು ತೆರೆಯುವ ಕೆಲಸ ಇಂಟರ್‌ನೆಟ್ಟನ್ನು ಕಾಯುವಂತಿರಬಾರದು.
- ಗಡಿಯಾರದ ಘಟಕ ಕೂಡಿಸದೆ ‘ಸ್ಲೀಪ್’ ತೆಗೆಯಬಾರದು.
- ಮೋಟಾರು ಯಾವಾಗಲೂ ಗಣಕಕ್ಕಿಂತ ತಡವಾಗಿ ಚಾಲೂ ಆಗಬೇಕು.
- ಪೆಟ್ಟಿಗೆ ಕೂಡಿಸಿದವರು ಯಾವ ಬದಲಾವಣೆ ಮಾಡಿದರೂ ದಿನಾಂಕದೊಂದಿಗೆ ಪೆಟ್ಟಿಗೆಯ ಬಾಗಿಲಿನ ಒಳಗೆ ಬರೆದು ಅಂಟಿಸಬೇಕು.

ವಿಸ್ತರಣಾ ಕಾರ್ಯಕರ್ತರು ಇಂಥ ಪೆಟ್ಟಿಗೆ ಇರುವ ಪಡಕ್ಕೆ ಹೋದಾಗ ಒಮ್ಮೆ ಸ್ವಿಚ್ಚು ಆರಿಸಿ ಹಾಕಿ, ಗಡಿಯಾರ ಹಿಡಿದು ಎಣಿಸುವುದು ಒಳ್ಳೆಯದು. ಅಕ್ಟೋಬರ್ ಚಾಟ್ನಿಗೆ ಮೊದಲೇ ಈ ತಪಾಸಣೆ ಮುಗಿದರೆ, ನೀರೂ ರೋಗದ ಎಚ್ಚರಿಕೆಯೂ ಬೇಕಾದ ದಿನಗಳಲ್ಲಿ ಪೆಟ್ಟಿಗೆ ಕೈಕೊಡುವುದಿಲ್ಲ.